ಕೈಗಾ ಅಣುಬಾಂಬಿನಂತೆ ಸಿಡಿದೀತೇ?

ಓದುಗರ ಪ್ರಶ್ನೆ: ನಾನು ಕುಂದಾಪುರದ ಕಡೆಯವಳು. ಪಿಯುಸಿಗೆ ನಿಂತಿದ್ದ ಓದನ್ನು ಮಕ್ಕಳು ಒಂದು ನೆಲೆಗೆ ಬಂದ ಮೇಲೆ ದೂರಶಿಕ್ಷಣದಲ್ಲಿ ಮುಂದುವರಿಸಿದ್ದೇನೆ. ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡಿದ್ದೇನೆ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಪಾಠ ಓದುವಾಗಲೆಲ್ಲ ಕೈಗಾದ ಅಣುವಿದ್ಯುತ್ ಸ್ಥಾವರ ನೆನಪಾಗುತ್ತದೆ. ಅಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಹಿರೋಶಿಮಾದ ಬಾಂಬಿನ ಹಾಗೆ ಸಿಡಿಯುತ್ತದೆಯೇ? ನನ್ನ ವಯಸ್ಸಿನವರು ಇದನ್ನು ಸರಿಯಾಗಿ ಕಲಿಯಲು ದಾರಿ ಇದೆಯೇ?

ಸಿಡಿಯುವುದಿಲ್ಲಮ್ಮ. ಇದು ನಿಮಗೆ ಧೈರ್ಯ ಹೇಳಲು ಆಡುವ ಮಾತಲ್ಲ, ಅಲ್ಲಿ ಉರಿಯುವ ಇಂಧನ ಬಾಂಬಿನಂತೆ ಸಿಡಿಯಲಾರದು. ಕರಾವಳಿಯಲ್ಲಿ ಈ ಪ್ರಶ್ನೆಯನ್ನು ತಲೆಮಾರಿನಿಂದ ಕೇಳುತ್ತಲೇ ಬಂದಿದ್ದಾರೆ. ಹಾಗಾಗಿ ‘ಇಲ್ಲ’ ಎಂದಷ್ಟೇ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಕೈಗಾದ ಬಗ್ಗೆ ನಿಜಕ್ಕೂ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಬಾಂಬಿನ ಭಯದಲ್ಲಿ ಅವು ಮರೆಯಾಗುತ್ತವೆ.

ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ನೂರಕ್ಕೆ ಸುಮಾರು 0.7 ಪಾಲು. ಉಳಿದದ್ದು ಬಹುತೇಕ ಯುರೇನಿಯಂ-238. ಬಾಂಬಿಗೆ ಬೇಕಾದರೆ ಆ 0.7ನ್ನು ಭಾರೀ ಯಂತ್ರಗಳಲ್ಲಿ ಬೇರ್ಪಡಿಸುತ್ತ ಸುಮಾರು 90ರವರೆಗೆ ಏರಿಸಬೇಕು. 1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಿದ್ದ ಬಾಂಬಿನಲ್ಲಿ ಹೀಗೆ ಸಾಂದ್ರಗೊಳಿಸಿದ ಸುಮಾರು 64 ಕಿಲೋ ಯುರೇನಿಯಂ ಇತ್ತು. ಅದರಲ್ಲಿ ಒಡೆದದ್ದು ಒಂದು ಕಿಲೋಗೂ ಕಡಿಮೆ. ಅಷ್ಟಕ್ಕೇ ಒಂದು ನಗರ ಬೂದಿಯಾಯಿತು.

ಕೈಗಾದ ನಾಲ್ಕು ಘಟಕಗಳು ತಲಾ 220 ಮೆಗಾವ್ಯಾಟಿನವು. ಉರಿಸುವುದು ಸಾಂದ್ರಗೊಳಿಸದ ನೈಸರ್ಗಿಕ ಯುರೇನಿಯಂ. ಒಂದು ಪರಮಾಣು ಒಡೆದಾಗ ಹೊಮ್ಮುವ ನ್ಯೂಟ್ರಾನ್ ಕಣಗಳು ಮತ್ತೊಂದನ್ನು ಒಡೆಯುತ್ತ ಹೋಗುವ ಸರಪಳಿ ಕ್ರಿಯೆ ಅದರಲ್ಲಿ ಸುಮ್ಮನೆ ಹೊತ್ತಿಕೊಳ್ಳುವುದಿಲ್ಲ. ನ್ಯೂಟ್ರಾನುಗಳ ವೇಗ ಇಳಿಸಲು ಸುತ್ತಲೂ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಇರಬೇಕು, ಇಂಧನದ ಕೊಳವೆಗಳು ಲೆಕ್ಕ ಹಾಕಿದ ಅಂತರದಲ್ಲೇ ನಿಲ್ಲಬೇಕು. ಆ ಭಾರಜಲ ಹೊರಗೆ ಹರಿದುಹೋದರೆ ಕ್ರಿಯೆಯೇ ನಿಲ್ಲುತ್ತದೆ. ಬಾಂಬಿನಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಆಸುಪಾಸಿನಲ್ಲಿ ಎಲ್ಲವೂ ಮುಗಿಯಬೇಕು. ಇಲ್ಲಿ ಅಂಥ ವೇಗ ಬರುವ ಬಹಳ ಮೊದಲೇ ಇಂಧನ ಕರಗಿ ಚದುರಿಹೋಗುತ್ತದೆ.

ಹಾಗಾದರೆ 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ಸಿಡಿದದ್ದೇನು? ಶಕ್ತಿ ಹಠಾತ್ತನೆ ಏರಿ, ನೀರು ಆವಿಯಾಗಿ, ಆ ಒತ್ತಡಕ್ಕೆ ರಿಯಾಕ್ಟರ್ ಒಡೆಯಿತು. ನ್ಯೂಟ್ರಾನುಗಳ ವೇಗ ಇಳಿಸಲು ಅಲ್ಲಿ ಭಾರಜಲದ ಬದಲು ಬಳಸಿದ್ದ ಗ್ರಾಫೈಟ್ ಎಂಬ ಇಂಗಾಲ ನಂತರ ದಿನಗಟ್ಟಲೆ ಉರಿಯಿತು. ವಿಕಿರಣವನ್ನು ಒಳಗೇ ತಡೆಯುವ ಗಟ್ಟಿ ಕಾಂಕ್ರೀಟ್ ಕವಚ ಆ ಸ್ಥಾವರಕ್ಕೆ ಇರಲಿಲ್ಲ. ಕೈಗಾದಲ್ಲಿ ಗ್ರಾಫೈಟ್ ಇಲ್ಲ, ಕವಚವೂ ಎರಡು ಪದರದ್ದು. ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಇಂಧನವನ್ನು ತಣಿಸಲು ಕೊಳವೆಯೊಳಗೆ ಬೇರೆಯಾಗಿ ಹರಿಯುವ ಭಾರಜಲ ಅಲ್ಲೇ ಕುದಿದು ಆವಿಯಾದರೆ ಈ ಮಾದರಿಯಲ್ಲೂ ಶಕ್ತಿ ಸ್ವಲ್ಪ ಏರುತ್ತದೆ. ಅದಕ್ಕೆಂದೇ ಒಂದನ್ನೊಂದು ನೆಚ್ಚದ ಎರಡು ನಿಲುಗಡೆ ವ್ಯವಸ್ಥೆಗಳಿವೆ. ಒಂದರಲ್ಲಿ ನ್ಯೂಟ್ರಾನು ಹೀರುವ ಕ್ಯಾಡ್ಮಿಯಂ ಸರಳುಗಳು ಬೀಳುತ್ತವೆ, ಇನ್ನೊಂದರಲ್ಲಿ ಅದೇ ಕೆಲಸ ಮಾಡುವ ಬೋರಾನ್ ಬೆರೆತ ದ್ರವ ಅದಕ್ಕೆಂದೇ ಇರುವ ಕೊಳವೆಗಳಿಗೆ ನುಗ್ಗುತ್ತದೆ.

ಕೈಗಾದ ಕವಚದ ಕಥೆ ಹಿರಿಯರಿಗೆ ನೆನಪಿರಬಹುದು. 1994ರ ಮೇ ತಿಂಗಳಲ್ಲಿ, ಕಟ್ಟುವ ಹಂತದಲ್ಲೇ, ಮೊದಲ ಘಟಕದ ಗುಮ್ಮಟದ ಒಳಮೈಯ ಕಾಂಕ್ರೀಟ್ ಕಳಚಿ ಬಿತ್ತು. ಆಗ ಒಳಗೆ ಇಂಧನ ಇರಲಿಲ್ಲ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಮೊದಲ ಎರಡು ಘಟಕಗಳು ವಿದ್ಯುತ್ ಮಾರಲು ತೊಡಗಿದ್ದು 2000ದಲ್ಲಿ. ಅದೇ ಮೊದಲ ಘಟಕ ಮುಂದೆ 962 ದಿನ ಎಡೆಬಿಡದೆ ಓಡಿ 2018ರ ಕೊನೆಗೆ ವಿಶ್ವದಾಖಲೆ ಬರೆಯಿತು. ಎರಡೂ ಸತ್ಯ. ಒಂದನ್ನು ಮಾತ್ರ ಹೇಳುವವರನ್ನು ನಾನು ಪೂರ್ತಿ ನಂಬುವುದಿಲ್ಲ.

ನಿಜವಾದ ಅಪಾಯ ಸ್ಫೋಟದ ಬೆಂಕಿಯಲ್ಲಿಲ್ಲ, ಆರಿಸಿದ ಮೇಲೆ ಉಳಿಯುವ ಕಾವಿನಲ್ಲಿದೆ. ಒಲೆಯಿಂದ ಕಟ್ಟಿಗೆ ಹೊರಗೆಳೆದ ಮೇಲೂ ಕೆಂಡದ ಕಾವಿಗೆ ಕುಚ್ಚಲಕ್ಕಿ ಬೇಯುತ್ತಲೇ ಇರುತ್ತದಲ್ಲ, ರಿಯಾಕ್ಟರಿನ ಸ್ಥಿತಿಯೂ ಅದೇ. ಸರಪಳಿ ಕ್ರಿಯೆ ನಿಂತರೂ ಒಡೆದ ಪರಮಾಣುಗಳ ತುಣುಕುಗಳು ವಿಕಿರಣ ಸೂಸುತ್ತ ಶಾಖ ಹುಟ್ಟಿಸುತ್ತವೆ. 220 ಮೆಗಾವ್ಯಾಟ್ ವಿದ್ಯುತ್ ಕೊಡುವ ಘಟಕದೊಳಗೆ ಸುಮಾರು 750 ಮೆಗಾವ್ಯಾಟ್ ಶಾಖ ಇರುತ್ತದೆ. ನಿಲ್ಲಿಸಿದ ಕ್ಷಣದಲ್ಲಿ ಅದರ ಶೇ. 6ರಿಂದ 7, ಅಂದರೆ 50 ಮೆಗಾವ್ಯಾಟಿನಷ್ಟು ಉಳಿದಿರುತ್ತದೆ. ಒಂದು ದಿನ ಕಳೆದರೂ ನಾಲ್ಕು ಮೆಗಾವ್ಯಾಟಿನ ಹತ್ತಿರ. ಈ ಕಾವನ್ನು ಹೊರಗೆ ಸಾಗಿಸಲು ನೀರು ಬೇಕು, ನೀರು ಹರಿಸಲು ಪಂಪಿಗೆ ಕರೆಂಟು ಬೇಕು.

ಫುಕುಶಿಮಾದಲ್ಲಿ ಕೈಕೊಟ್ಟದ್ದು ಇದೇ. 2011ರ ಮಾರ್ಚ್ 11ರಂದು ಭೂಕಂಪವಾದೊಡನೆ ಓಡುತ್ತಿದ್ದ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಬಳಿಕ ಬಂದ ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಪಂಪು ನಿಂತಿತು, ಇಂಧನ ಕರಗಿತು, ಹೈಡ್ರೋಜನ್ ಅನಿಲ ಸೇರಿ ಕಟ್ಟಡದ ಮೇಲ್ಭಾಗ ಹಾರಿಹೋಯಿತು. ದೂರದರ್ಶನದಲ್ಲಿ ಜಗತ್ತು ನೋಡಿದ್ದು ಆ ಅನಿಲದ ಸ್ಫೋಟ. ಕೈಗಾ ಕಡಲ ದಂಡೆಯಲ್ಲಿಲ್ಲ, ಕಾಳಿ ನದಿಯ ಕದ್ರಾ ಜಲಾಶಯದ ಪಕ್ಕದಲ್ಲಿದೆ. ಆದ್ದರಿಂದ ನಾವು ಕೇಳಬೇಕಾದ್ದು ಇದು: ಘಟ್ಟದಲ್ಲಿ ಅತಿವೃಷ್ಟಿಯಾಗಿ, ಗುಡ್ಡ ಕುಸಿದು, ವಿದ್ಯುತ್ ಮಾರ್ಗಗಳೆಲ್ಲ ಒಟ್ಟಿಗೆ ಕಡಿದುಹೋದರೆ ಬದಲಿ ಕರೆಂಟು ಎಷ್ಟು ಹೊತ್ತು ಇದೆ?

ದೂರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನೇರ ಗೆರೆಯಲ್ಲಿ ಕೈಗಾದಿಂದ ಬೈಂದೂರಿಗೆ 110 ಕಿಲೋಮೀಟರಿನ ಆಸುಪಾಸು, ಉಡುಪಿಗೆ ಸುಮಾರು 170. ನಮ್ಮಲ್ಲಿ ತುರ್ತು ಯೋಜನೆ ಮಾಡಿಡುವುದು ಸ್ಥಾವರದ ಸುತ್ತ 16 ಕಿಲೋಮೀಟರಿಗೆ. ಫುಕುಶಿಮಾದಲ್ಲಿ 20 ಕಿಲೋಮೀಟರಿನವರೆಗೆ, ಚೆರ್ನೋಬಿಲ್‌ನಲ್ಲಿ 30ರವರೆಗೆ ಜನರನ್ನು ತೆರವು ಮಾಡಿದ್ದರು. ಗಾಳಿ ಮಳೆ ಕೂಡಿಬಂದರೆ ವಿಕಿರಣ ಸೂಸುವ ಸೀಸಿಯಂನ ಕಣಗಳು ಅದಕ್ಕಿಂತ ದೂರ ಹೋಗುತ್ತವೆ. ನಿಮ್ಮೂರಿನಿಂದ ಓಡಿಹೋಗಬೇಕಾದ ಸ್ಥಿತಿ ಬರುವ ಸಂಭವ ತೀರಾ ಕಡಿಮೆ. ಆದರೆ ಹಾಲು, ಸೊಪ್ಪು, ಮೀನನ್ನು ಪರೀಕ್ಷಿಸಬೇಕಾಗಬಹುದು.

ಪರೀಕ್ಷಿಸಬೇಕಾದರೆ ಮೊದಲೇ ಎಷ್ಟಿತ್ತು ಎಂಬ ಲೆಕ್ಕ ಇರಬೇಕು. ಈ ವಿಷಯದಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಬಗ್ಗೆ ನನಗೆ ಹೆಮ್ಮೆಯಿದೆ. ಪರಿಸರದ ವಿಕಿರಣ ಅಳೆಯುವುದಕ್ಕೆಂದೇ ಅಲ್ಲೊಂದು ಸಂಶೋಧನಾ ಕೇಂದ್ರವಿದೆ. ಉಳ್ಳಾಲದ ಮರಳಿನಲ್ಲಿ ಮೋನಜೈಟ್ ಎಂಬ ಖನಿಜ ಇರುವುದರಿಂದ ಅಲ್ಲಲ್ಲಿ ನೈಸರ್ಗಿಕ ವಿಕಿರಣ ಹೆಚ್ಚಿದೆ ಎಂಬುದು 1990ರ ದಶಕದಲ್ಲೇ ವೈಜ್ಞಾನಿಕವಾಗಿ ದಾಖಲಾಗಿದೆ. ಅದಕ್ಕೂ ಕೈಗಾಕ್ಕೂ ಸಂಬಂಧವಿಲ್ಲ, ಥೋರಿಯಂ ಇರುವ ಮರಳಿನ ಗುಣ ಅದು. ಇಂಥ ಮೂಲ ಲೆಕ್ಕ ಇಲ್ಲದಿದ್ದರೆ ನಾಳೆ ಯಾರು ಯಾವ ಅಂಕಿ ಹೇಳಿದರೂ ಒಪ್ಪುವುದು ಹೇಗೆ, ಅಲ್ಲಗಳೆಯುವುದು ಹೇಗೆ?

ಈಗ ನಿಮ್ಮ ಪಾಠಕ್ಕೆ ಬರೋಣ. ರಿಯಾಕ್ಟರ್ ಬಾಂಬ್ ಆಗಲಾರದು ನಿಜ, ಆದರೆ ಅದರಿಂದ ಬಾಂಬಿನ ಕಡೆಗೆ ಒಂದು ದಾರಿ ಹೋಗುತ್ತದೆ. ಉರಿಯುವಾಗ ಯುರೇನಿಯಂ-238ರ ಒಂದಂಶ ಪ್ಲುಟೋನಿಯಂ ಆಗುತ್ತದೆ. ಬಳಸಿದ ಇಂಧನವನ್ನು ರಾಸಾಯನಿಕವಾಗಿ ಸಂಸ್ಕರಿಸಿದರೆ ಅದನ್ನು ಬೇರ್ಪಡಿಸಬಹುದು. ನಾಗಸಾಕಿಯ ಬಾಂಬಿಗೆ ಸಾಕಾದದ್ದು ಸುಮಾರು 6 ಕಿಲೋ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಾವು ಬಳಸಿದ ಪ್ಲುಟೋನಿಯಂ ಬಂದದ್ದು ಟ್ರಾಂಬೆಯ ಸೈರಸ್ ಎಂಬ ಸಂಶೋಧನಾ ರಿಯಾಕ್ಟರಿನಿಂದ. ಅದನ್ನು ಕೊಟ್ಟದ್ದು ಕೆನಡಾ, ಭಾರಜಲ ಕೊಟ್ಟದ್ದು ಅಮೆರಿಕ, ಎರಡೂ ಶಾಂತಿಯುತ ಬಳಕೆಗೆಂದು. ಪರಮಾಣು ಸಾಮಗ್ರಿಯ ರಫ್ತಿಗೆ ಕಡಿವಾಣ ಹಾಕುವ ದೇಶಗಳ ಕೂಟ, ಅಂದರೆ ಪರಮಾಣು ಪೂರೈಕೆದಾರರ ಗುಂಪು, ಹುಟ್ಟಿದ್ದು ಆ ಪರೀಕ್ಷೆಯ ಬೆನ್ನಿಗೇ.

ಆದ್ದರಿಂದ ಶಸ್ತ್ರ ನಿಯಂತ್ರಣ ಎಂದರೆ ಸಿಡಿತಲೆಗಳ ಎಣಿಕೆ ಮಾತ್ರ ಎಂದು ಓದಬೇಡಿ. ಬಳಸಿದ ಇಂಧನದ ಒಂದೊಂದು ಕಟ್ಟೂ ಎಲ್ಲಿದೆ ಎಂಬ ಲೆಕ್ಕವೂ ಅದೇ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯವರು ಕ್ಯಾಮೆರಾ ಇಟ್ಟು, ಮುದ್ರೆ ಹಾಕಿ, ಕಟ್ಟು ಎಣಿಸಿ ಈ ಲೆಕ್ಕ ಹಿಡಿಯುತ್ತಾರೆ. 8 ಕಿಲೋ ಪ್ಲುಟೋನಿಯಂ ಕಾಣೆಯಾದರೆ ಒಂದು ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬುದು ಅವರ ಅಳತೆಗೋಲು. ಭಾರಜಲ ರಿಯಾಕ್ಟರಿಗೆ ಓಡುತ್ತಿರುವಾಗಲೇ ಇಂಧನ ಬದಲಿಸಬಹುದಾದ್ದರಿಂದ ಅಲ್ಲಿ ಈ ಎಣಿಕೆ ಇನ್ನೂ ಮುಖ್ಯ.

ಭಾರತ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅಮೆರಿಕದೊಡನೆ ಪರಮಾಣು ಒಪ್ಪಂದವಾದಾಗ, 2006ರಲ್ಲಿ, ಆಗಿದ್ದ ಮತ್ತು ಕಟ್ಟುತ್ತಿದ್ದ 22 ರಿಯಾಕ್ಟರುಗಳಲ್ಲಿ 14ನ್ನು ನಾಗರಿಕ ಎಂದು ಗುರುತಿಸಿ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿತು. ಹೊರಗೆ ಉಳಿದ ಎಂಟರಲ್ಲಿ ನಾಲ್ಕು ಕೈಗಾದವು. ಅದರರ್ಥ ಕೈಗಾದ ಇಂಧನ ಬಾಂಬಿಗೆ ಹೋಗುತ್ತಿದೆ ಎಂದಲ್ಲ. ಹೋಗುತ್ತಿಲ್ಲ ಎಂದು ಹೊರಗಿನವರು ನೋಡಿ ಹೇಳುವ ಏರ್ಪಾಡು ಅಲ್ಲಿಲ್ಲ ಎಂದಷ್ಟೆ. ಇದು ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಅಧ್ಯಾಪಕರು ಭದ್ರತೆಯ ದೃಷ್ಟಿಯಿಂದ ಒಪ್ಪದಿರಬಹುದು. ಅವರೊಡನೆ ವಾದ ಮಾಡಿ.

ಸಣ್ಣದಾದರೂ ಬಾಳಿಕೆಯ ಒಪ್ಪಂದ ಇನ್ನೊಂದಿದೆ, ಉತ್ತರ ಪತ್ರಿಕೆಗೂ ಉಪಯೋಗಕ್ಕೆ ಬರುತ್ತದೆ. ಪರಸ್ಪರರ ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಭಾರತ, ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿ ವಿನಿಮಯವಾಗುತ್ತಿದೆ. ಕಾರ್ಗಿಲ್ ಯುದ್ಧದ ಮರುವರ್ಷವೂ ಅದು ತಪ್ಪಲಿಲ್ಲ.

ಇನ್ನು ಕಲಿಕೆಯ ಮಾತು. ಕೋಟದ ಶಿವರಾಮ ಕಾರಂತರು ಕಾಲೇಜು ಅರ್ಧಕ್ಕೆ ಬಿಟ್ಟವರು. ತಾವೇ ಓದಿ ವಿಜ್ಞಾನವನ್ನು ಸಂಪುಟಗಟ್ಟಲೆ ಕನ್ನಡಕ್ಕೆ ತಂದರು. ಕೈಗಾ ಬೇಡವೆಂದು 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಲೋಕಸಭೆ ಚುನಾವಣೆಗೆ ನಿಂತು ಸೋತರು. ಅವರ ನಿಲುವನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ವಯಸ್ಸಾಯಿತೆಂದು ಕಲಿಕೆ ನಿಲ್ಲಿಸಬೇಕಿಲ್ಲ ಎಂಬುದಕ್ಕೆ ಮಾತ್ರ ನಮ್ಮ ಜಿಲ್ಲೆಯವರೇ ಸಾಕ್ಷಿ.

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಾಗಲಿ ಇಗ್ನೋದಲ್ಲಾಗಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ) ಬಿ.ಎ.ಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಪಿಯುಸಿ ಮುಗಿಸದ ಗೆಳತಿಯರಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ತರಗತಿ ಮುಗಿಸಿ ಬರಬಹುದು. ಇಗ್ನೋದ ಪಠ್ಯಗಳು ಅದರ ಇ-ಜ್ಞಾನಕೋಶ ಜಾಲತಾಣದಲ್ಲಿ ಎಲ್ಲರಿಗೂ ಉಚಿತ. ಭೌತವಿಜ್ಞಾನ ಬೇಕೆನಿಸಿದರೆ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ಐಐಟಿ ಮುಂತಾದವು ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳಿವೆ. ಕೇಳಲು ದುಡ್ಡಿಲ್ಲ, ಪ್ರಮಾಣಪತ್ರ ಬೇಕೆಂದು ಪರೀಕ್ಷೆ ಬರೆದರೆ ಮಾತ್ರ ಶುಲ್ಕ. ಅವು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ಗಣಿತ ಬಿಟ್ಟು ವರ್ಷಗಳಾದವರಿಗೆ ಮೊದಮೊದಲು ಕಷ್ಟವಾಗುತ್ತದೆ. ಪ್ರೌಢಶಾಲೆಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಶುರುಮಾಡಿ, ನಾಚಿಕೆ ಬೇಡ. ಬಿ.ಎ. ಮುಗಿದ ಮೇಲೆ ಅಂತರರಾಷ್ಟ್ರೀಯ ಸಂಬಂಧಗಳನ್ನೇ ಮುಂದುವರಿಸುವ ಆಸೆಯಿದ್ದರೆ ಮಣಿಪಾಲದಲ್ಲಿ ಆ ವಿಷಯಕ್ಕೆಂದೇ ವಿಭಾಗವಿದೆ. ಖರ್ಚು ಹೆಚ್ಚೆನಿಸಿದರೆ ಇಗ್ನೋದಲ್ಲೇ ರಾಜ್ಯಶಾಸ್ತ್ರ ಎಂ.ಎ. ಮಾಡಬಹುದು, ಪ್ರವೇಶ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಅವಧಿಗೆ, ತೆರೆಯುತ್ತದೆ.