ಹೆಸರು ತೆಗೆಸಬೇಡಿ, ಸಾಗಿಸಿ

ಮೇ ತಿಂಗಳ ಮದುವೆಗಳು ಮುಗಿದು ಮಳೆ ಹಿಡಿಯುವ ಹೊತ್ತಿಗೆ ಒಂದೇ ತೆರನ ತಕರಾರು ಬರತೊಡಗುತ್ತದೆ. ಕುಮಟಾದ ಹುಡುಗಿ ಶಿರಸಿಗೆ ಸೊಸೆಯಾಗಿ ಹೋಗಿದ್ದಾಳೆ. ತವರಿನಲ್ಲಿ ಅಪ್ಪ ಮುತುವರ್ಜಿ ವಹಿಸಿ, ನಮೂನೆ 7 ತುಂಬಿ, ಮತದಾರರ ಪಟ್ಟಿಯಿಂದ ಅವಳ ಹೆಸರು ತೆಗೆಸಿದ್ದಾರೆ. ಗಂಡನ ಮನೆಯವರು "ಎಲೆಕ್ಷನ್ ಬರಲಿ, ನೋಡೋಣ" ಎಂದು ಕೂತಿದ್ದಾರೆ. ಹುಡುಗಿಯ ಪರ್ಸಿನಲ್ಲಿ ವೋಟರ್ ಕಾರ್ಡ್ ಭದ್ರವಾಗಿದೆ, ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಕಾರ್ಡ್ ಇದ್ದರೆ ಮತ ಇದೆ ಎಂಬ ನಂಬಿಕೆ ಎಲ್ಲಿಂದ ಬಂತೋ! 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಮು ನೇರವಾಗಿದೆ: ಆ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅಲ್ಲಿ ಮತವಿಲ್ಲ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ಆಧಾರ್, ಪಾನ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ತೋರಿಸಿ ಮತ ಹಾಕಬಹುದು. ಕಾರ್ಡ್ ಇದ್ದು ಹೆಸರಿಲ್ಲದಿದ್ದರೆ ಮತಗಟ್ಟೆಯ ಅಧಿಕಾರಿ ಏನೂ ಮಾಡುವಂತಿಲ್ಲ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ ಮಾರಾಯ್ರೆ.

ಹಾಗಾದರೆ ಮಾಡಬೇಕಾದ್ದೇನು? ಹೆಸರನ್ನು ತೆಗೆಸುವುದಲ್ಲ, ಸಾಗಿಸುವುದು. ಅದಕ್ಕಿರುವುದು ನಮೂನೆ 8. ಅರ್ಜಿ ಕೊಡಬೇಕಾದದ್ದು ಈಗ ವಾಸವಿರುವ ಊರಿನಲ್ಲಿ, ಅಂದರೆ ಶಿರಸಿಯಲ್ಲಿ. ಹಳೆಯ ಕಾರ್ಡಿನ ಸಂಖ್ಯೆಯನ್ನೇ ಬರೆಯಿರಿ, ಅದು ಬದಲಾಗುವುದಿಲ್ಲ. ಅರ್ಜಿ ಒಪ್ಪಿಗೆಯಾದ ಮೇಲೆ ಕುಮಟಾದ ಹೆಸರನ್ನು ತೆಗೆಯುವುದು ಕಚೇರಿಯವರ ಕೆಲಸ. ಅಪ್ಪ, ಅಣ್ಣ, ತವರಿನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಯಾರೂ ಮೊದಲೇ ಅವಸರ ಮಾಡಬೇಕಿಲ್ಲ. ಮೊದಲು ತೆಗೆಸಿದರೆ ಸಾಗಿಸಲು ಹೆಸರೇ ಉಳಿಯುವುದಿಲ್ಲ. ಹೊಸ ಮತದಾರಳಂತೆ ನಮೂನೆ 6ರಿಂದ ಶುರು ಮಾಡಬೇಕು. ಇನ್ನು ಕೆಲವರು ತವರಿನ ಹೆಸರನ್ನು ಹಾಗೆಯೇ ಬಿಟ್ಟು, ಗಂಡನ ಊರಿನಲ್ಲಿ ನಮೂನೆ 6 ಹಾಕುತ್ತಾರೆ. ಬೇರೆಲ್ಲೂ ಹೆಸರಿಲ್ಲ ಎಂದು ಅದರಲ್ಲಿ ಘೋಷಣೆ ಬರೆದುಕೊಡಬೇಕು. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಂತೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಪ್ರತಿಯೊಬ್ಬರ ಮೇಲೂ ಕೇಸು ಬೀಳುತ್ತದೆ ಎನ್ನುತ್ತಿಲ್ಲ, ಆದರೆ ಆ ಕಾಗದಕ್ಕೆ ಸಹಿ ಹಾಕುವವಳು ಹುಡುಗಿ, ಸಲಹೆ ಕೊಟ್ಟ ಮಾವನಲ್ಲ.

ಅರ್ಜಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ವಿಳಾಸದ ದಾಖಲೆಯಲ್ಲಿ. ಘಟ್ಟದ ಮೇಲಿನ ಕೂಡುಕುಟುಂಬಗಳಲ್ಲಿ ಕರೆಂಟ್ ಬಿಲ್ಲು, ಪಹಣಿ ಎಲ್ಲ ಮಾವನ ಹೆಸರಿನಲ್ಲಿರುತ್ತವೆ. ನಮೂನೆ ಕೇಳುವುದು ಅರ್ಜಿದಾರರ ಹೆಸರಿನ ದಾಖಲೆ. ಅದಿಲ್ಲದಿದ್ದರೆ ಅದೇ ವಿಳಾಸದಲ್ಲಿ ಮತದಾರರಾಗಿರುವ ತಂದೆ, ತಾಯಿ, ಗಂಡ ಅಥವಾ ವಯಸ್ಕ ಮಗ-ಮಗಳ ದಾಖಲೆ. ಮಾವ ಆ ಸಾಲಿನಲ್ಲಿಲ್ಲ. ಆದ್ದರಿಂದ ಮದುವೆಯಾದ ಮೇಲೆ ಬ್ಯಾಂಕ್ ಪಾಸ್‌ಬುಕ್ಕಿನ ಅಥವಾ ಆಧಾರಿನ ವಿಳಾಸ ಬದಲಿಸಿಕೊಳ್ಳಿ. ಅದೂ ಆಗದಿದ್ದರೆ ಬಿಎಲ್‌ಒ ಮನೆಗೆ ಬಂದು ವಿಚಾರಿಸುತ್ತಾರೆ. ಆ ದಿನ ಹುಡುಗಿ ಮನೆಯಲ್ಲಿರಬೇಕು.

ಹೆಸರಿನ ಗೊಂದಲ ಬೇರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಸರಿನ ನಡುವೆ ಅಪ್ಪನ ಹೆಸರು ಬರೆದು, ಮದುವೆಯಾದ ಮೇಲೆ ಅಲ್ಲಿ ಗಂಡನ ಹೆಸರು ಹಾಕುವ ರೂಢಿ ಬಲವಾಗಿದೆ. ಕೆಲವು ಮನೆಗಳಲ್ಲಿ ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ. ಮತ ಹಾಕಲು ಇದ್ಯಾವುದೂ ಕಡ್ಡಾಯವಲ್ಲ. ಬದಲಿಸಲೇಬೇಕೆಂದಿದ್ದರೆ ಮೊದಲು ವಿಳಾಸ ಸಾಗಿಸಿ, ಅದು ಮುಗಿದ ಮೇಲೆ ತಿದ್ದುಪಡಿಗೆ ಇನ್ನೊಂದು ನಮೂನೆ 8 ಕೊಡಿ. ಒಂದು ಅರ್ಜಿಯಲ್ಲಿ ಒಂದೇ ಕೆಲಸಕ್ಕೆ ಗುರುತು ಹಾಕಲು ಸಾಧ್ಯ.

ಹೆಸರಿನ ಕಾರಣಕ್ಕೇ ಹೆಂಗಸರು ಮತ ಕಳೆದುಕೊಂಡದ್ದು ಇತಿಹಾಸದಲ್ಲಿದೆ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಾಗುವಾಗ ಉತ್ತರ ಭಾರತದಲ್ಲಿ ಎಷ್ಟೋ ಹೆಂಗಸರು "ಇಂಥವನ ಹೆಂಡತಿ", "ಇಂಥವನ ತಾಯಿ" ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ನಿಷ್ಠುರವೆನಿಸಿದರೂ ಸೇನ್ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಅಲ್ಲಿ ರಾಜಿಯಾಗಿದ್ದರೆ ಮುಂದಿನ ಪಟ್ಟಿಗಳೂ ಹಾಗೆಯೇ ಬರುತ್ತಿದ್ದವು.

ಅದಕ್ಕೂ ಹಿಂದೆ ಮತವೆಂಬುದೇ ಜಮೀನು-ಕಂದಾಯಕ್ಕೆ ಅಂಟಿಕೊಂಡಿತ್ತು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ನೇತೃತ್ವದ ಮಹಿಳಾ ನಿಯೋಗ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು, ಗಂಡಸರಿಗೆ ಇರುವ ಷರತ್ತಿನ ಮೇಲೆಯೇ ತಮಗೂ ಮತ ಬೇಕೆಂದಿತು. 1919ರ ಭಾರತ ಸರ್ಕಾರ ಕಾಯ್ದೆ ತೀರ್ಮಾನವನ್ನು ಪ್ರಾಂತಗಳಿಗೆ ಬಿಟ್ಟಿತು. ಕಾರವಾರ 1862ರಿಂದ ಮುಂಬಯಿ ಪ್ರಾಂತದಲ್ಲಿತ್ತು, ಮಂಗಳೂರು ಮದ್ರಾಸಿನಲ್ಲೇ ಉಳಿದಿತ್ತು. ಎರಡೂ ಪ್ರಾಂತಗಳು 1921ರಲ್ಲಿ ಒಪ್ಪಿದವು. ಆದರೆ ಸ್ವಂತ ಹೆಸರಿನಲ್ಲಿ ಆಸ್ತಿಯಿರುವ ಹೆಂಗಸರು ಎಷ್ಟಿದ್ದರು? 1935ರ ಕಾಯ್ದೆ ಗಂಡನ ಆಸ್ತಿಯ ಬಲದ ಮೇಲೂ ಹೆಂಡತಿಗೆ ಮತ ಕೊಟ್ಟಿತು. ಷರತ್ತೆಲ್ಲ ಬಿದ್ದುಹೋದದ್ದು ಸಂವಿಧಾನದ 326ನೇ ವಿಧಿಯಿಂದ.

ಪೂರ್ತಿ ಬಿದ್ದಿತೇ ಎಂದು ಕಾರವಾರದ ನೌಕಾನೆಲೆಯವರು ಕೇಳಬಹುದು. ಸೇನೆಯಲ್ಲಿರುವವರು ಸ್ವಂತ ಊರಿನ ಸೇವಾ ಮತದಾರರಾಗುವಾಗ (ಅಂದರೆ ಕೆಲಸ ಎಲ್ಲಿದ್ದರೂ ಊರಿನ ಸೇವಾ ಪಟ್ಟಿಗೆ ಹೆಸರು ಸೇರಿಸುವಾಗ) ಜೊತೆಗಿರುವ ಹೆಂಡತಿಯೂ ಸೇರಬಹುದಿತ್ತು. ಮಹಿಳಾ ಅಧಿಕಾರಿಯ ಗಂಡ ಸೇರುವಂತಿರಲಿಲ್ಲ. 2021ರ ತಿದ್ದುಪಡಿ "ಪತ್ನಿ"ಯ ಜಾಗದಲ್ಲಿ "ಸಂಗಾತಿ" ಎಂದು ಬರೆಯಿತು. ಸೇವಾ ಪಟ್ಟಿಯಲ್ಲಿ ಹೆಸರಿದ್ದರೆ ಕಾರವಾರದ ಸಾಮಾನ್ಯ ಪಟ್ಟಿಗೂ ಸೇರಿಸಬೇಡಿ, ಅದೂ ಎರಡು ಕಡೆ ಹೆಸರಿದ್ದಂತೆಯೇ.

ಸಮಯದ ಲೆಕ್ಕ ಹೀಗೆ. 18 ತುಂಬಿದ್ದನ್ನು ಲೆಕ್ಕ ಹಿಡಿಯಲು ಈಗ ವರ್ಷದಲ್ಲಿ ನಾಲ್ಕು ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ವಿಳಾಸ ಸಾಗಿಸಲು ಅವನ್ನು ಕಾಯಬೇಕಿಲ್ಲ. ಚುನಾವಣೆ ಘೋಷಣೆಯಾದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿಗೆ ಯಾರನ್ನೂ ಸೇರಿಸುವಂತಿಲ್ಲ. ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ಅರ್ಜಿ ಅದಕ್ಕೂ ಕನಿಷ್ಠ ಹತ್ತು ದಿನ ಮೊದಲೇ ಹೋಗಿರಲಿ. ಪಟ್ಟಿಯ ವಿಶೇಷ ಪರಿಷ್ಕರಣೆ ನಡೆಯುವಾಗ ನಮೂನೆ, ದಾಖಲೆ, ಗಡುವು ಬೇರೆಯಾಗಬಹುದು. ಆಗ ಈ ಅಂಕಣ ನಂಬಿ ಕೂರದೆ ತಹಶೀಲ್ದಾರ್ ಕಚೇರಿಯ ಚುನಾವಣಾ ಶಾಖೆಯಲ್ಲಿ ಕೇಳಿ, ಇಲ್ಲವೇ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಅರ್ಜಿಯ ಸ್ವೀಕೃತಿ ಸಂಖ್ಯೆ ಹುಡುಗಿಯ ಮೊಬೈಲಿಗೇ ಬರುವಂತೆ ಅವಳ ನಂಬರನ್ನೇ ಕೊಡಿ, ಗಂಡನದ್ದಲ್ಲ.