‘ಅದು ಬರೀ ನೀರಾವಿ ಅಲ್ವಾ ಸರ್?’

ಪ್ರಶ್ನೆ: ನನ್ನ ಮಗ ಟೊರಾಂಟೊದಲ್ಲಿ ಕೆಲಸದಲ್ಲಿದ್ದಾನೆ. ಬೆನ್ನುನೋವಿಗೆ ಅಂತ ಅಲ್ಲಿ ಅಂಗಡಿಯಲ್ಲೇ ಸಿಗುವ ಗಾಂಜಾ ತಗೊಳ್ತಾನೆ. ಮೊದಲು ಸೇದುತ್ತಿದ್ದ, ಈಗ ವೇಪರೈಸರ್ ಅನ್ನೋ ಯಂತ್ರ ಕೊಂಡಿದ್ದಾನೆ. ‘ಇದರಲ್ಲಿ ಹೊಗೆಯೇ ಇಲ್ಲಮ್ಮ, ಬರೀ ನೀರಾವಿ’ ಅಂತಾನೆ. ನಿಜವೇ? ಸೇದೋದಕ್ಕಿಂತ ಇದು ವಾಸಿಯೇ? (ಮಾಲೂರಿನ ಒಬ್ಬ ತಾಯಿ)

ಅಮ್ಮ, ನೀವು ಕೇಳಿರುವುದು ಎರಡು ಪ್ರಶ್ನೆ. ಸೇದುವುದಕ್ಕಿಂತ ವಾಸಿಯೇ? ಶ್ವಾಸಕೋಶದ ಮಟ್ಟಿಗೆ ಹೌದು. ಬರೀ ನೀರಾವಿಯೇ? ಅಲ್ಲ, ಖಂಡಿತ ಅಲ್ಲ. ಈ ನೀರಾವಿಯ ಮಾತಿಗೆ ನಾನು ಉತ್ತರ ಬರೆಯುತ್ತಿರುವುದು ಇದು ಐದನೇ ಸಲ. ಕೋಲಾರದಲ್ಲಿ ಇಪ್ಪತ್ತೊಂಬತ್ತು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ನನ್ನ ಕೈಯಲ್ಲೇ ಓದಿ ಪರದೇಶಕ್ಕೆ ಹೋದ ಹುಡುಗರೂ ಫೋನಿನಲ್ಲಿ ‘ಬರೀ ನೀರಾವಿ ಅಲ್ವಾ ಸರ್’ ಅಂದಾಗ ಬೇಜಾರಾಗುತ್ತದೆ. ಅದಕ್ಕೇ ಈ ಸಲ ಬೇರು ಸಮೇತ ಕಿತ್ತುಬಿಡೋಣ.

ಮೊದಲು ಸುಡುವುದಕ್ಕೂ ಹುರಿಯುವುದಕ್ಕೂ ಇರುವ ವ್ಯತ್ಯಾಸ. ಸಾರಿನ ಪುಡಿಗೆ ಧನಿಯಾ ಹುರಿಯುತ್ತೀರಿ. ಸಣ್ಣ ಉರಿಯಲ್ಲಿ ಬಾಣಲೆ ಬಿಸಿಯಾಗುತ್ತಿದ್ದಂತೆ ಘಮ ಮನೆಯೆಲ್ಲ ತುಂಬುತ್ತದೆ, ಹೊಗೆ ಮಾತ್ರ ಇರುವುದಿಲ್ಲ. ಧನಿಯಾದೊಳಗಿನ ಎಣ್ಣೆ ಶಾಖಕ್ಕೆ ಆವಿಯಾಗಿ ಮೂಗಿಗೆ ಬಂತು, ಕಾಳು ಕಾಳಾಗಿಯೇ ಉಳಿಯಿತು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು, ನೀವು ಹೋಗಿ ಬರುವಷ್ಟರಲ್ಲಿ ಸೀದುಹೋಯಿತು. ಈಗ ಏಳುವುದು ಘಾಟು. ಕಣ್ಣುರಿ, ಕೆಮ್ಮು. ಕಾಳೇ ಒಡೆದು, ಮೊದಲು ಅದರಲ್ಲಿ ಇಲ್ಲದಿದ್ದ ನೂರಾರು ಪದಾರ್ಥಗಳಾಗಿದೆ. ಅವುಗಳಲ್ಲಿ ಟಾರ್ ಇದೆ, ಕಾರ್ಬನ್ ಮಾನಾಕ್ಸೈಡ್ ಇದೆ, ಬೆಂಜೀನ್ ಇದೆ. ಸಿಗರೇಟಿನ ತುದಿಯ ಕೆಂಡ ದಮ್ಮು ಎಳೆದಾಗ 900 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಒಣ ಸೊಪ್ಪಿನ ವೇಪರೈಸರ್ ಕೆಲಸ ಮಾಡುವುದು ಸುಮಾರು 180ರಿಂದ 210 ಡಿಗ್ರಿಯಲ್ಲಿ. ಅಂದರೆ ಅದು ಸೊಪ್ಪನ್ನು ಸುಡುವುದಿಲ್ಲ, ಹುರಿಯುತ್ತದೆ. 230 ದಾಟಿದರೆ ಅಲ್ಲೂ ಸೀಯಲು ಶುರು.

ಇದು ಬರೀ ಬಾಯಿಮಾತಲ್ಲ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 18 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಜರ್ಮನಿಯಲ್ಲಿ ತಯಾರಾದ ‘ವೋಲ್ಕೇನೊ’ ಎಂಬ ಯಂತ್ರದ ಆವಿ ಮತ್ತು ಸೇದಿದ ಹೊಗೆ ಎರಡನ್ನೂ ಹೋಲಿಸಿದರು. ರಕ್ತದಲ್ಲಿ ಸೇರಿದ ಟಿಎಚ್‌ಸಿ, ಅಂದರೆ ಅಮಲು ಕೊಡುವ ಅಂಶ, ಹೆಚ್ಚುಕಡಿಮೆ ಒಂದೇ. ಉಸಿರಿನಲ್ಲಿ ಸಿಕ್ಕ ಕಾರ್ಬನ್ ಮಾನಾಕ್ಸೈಡ್ ಮಾತ್ರ ಆವಿಯಲ್ಲಿ ಬಹಳ ಕಡಿಮೆ. ನಿಮ್ಮ ಮಗ ಹೇಳಿದ ಅರ್ಧ ಸತ್ಯ ಇದೇ.

ಇನ್ನು ಆ ನೀರಾವಿಗೆ ಬರೋಣ. ನೀರಾವಿ ಕಣ್ಣಿಗೆ ಕಾಣುವುದೇ ಇಲ್ಲ! ಇಡ್ಲಿ ಪಾತ್ರೆಯ ಮುಚ್ಚಳದ ಅಂಚಿನಿಂದ ಹಬೆ ಚಿಮ್ಮುವಾಗ ಹತ್ತಿರದಿಂದ ನೋಡಿ. ಅಂಚಿಗೆ ಅಂಟಿಕೊಂಡಂತೆ ಒಂದು ಬೆರಳಗಲದ ಕಾಲುಭಾಗದಷ್ಟು ಜಾಗ ಖಾಲಿ ಇದ್ದಂತೆ ಕಾಣುತ್ತದೆ, ಅದರ ಆಚೆ ಬಿಳಿ ಮೋಡ. ಆ ಖಾಲಿ ಜಾಗದಲ್ಲಿ ಇರುವುದೇ ನಿಜವಾದ ನೀರಾವಿ. ಬಿಳಿ ಮೋಡ ಅಂದರೆ ಅದು ತಣ್ಣಗಾಗಿ ಆದ ಸಣ್ಣ ಸಣ್ಣ ಹನಿಗಳು. ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಮಕ್ಕಳಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಇದನ್ನೇ. ನಲವತ್ತು ವರ್ಷ ಇಡ್ಲಿ ಬೇಯಿಸಿದ ನಮ್ಮ ತಾಯಿಯೂ ಒಂದು ದಿನ ಬಗ್ಗಿ ನೋಡಿ, ‘ಹೌದಲ್ಲೋ’ ಅಂದಿದ್ದರು. ಹಾಗಾಗಿ ಯಂತ್ರದಿಂದ ಬಿಳಿಯಾಗಿ ಏನಾದರೂ ಬಂತು ಅಂದರೆ ಅದು ಹನಿ. ಯಾವುದರ ಹನಿ ಅನ್ನುವುದೇ ಕೇಳಬೇಕಾದ ಪ್ರಶ್ನೆ.

ಗಾಂಜಾ ಯಾಕೆ, ತುಳಸಿ ಸಾಕು. ಒಂದು ಹಿಡಿ ಒಣ ತುಳಸಿ ಎಲೆಯನ್ನು ಕಬ್ಬಿಣದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿಡಿ. ಹೊಗೆ ಏಳಬಾರದು, ಎಲೆ ಕಾಫಿಪುಡಿ ಬಣ್ಣಕ್ಕೆ ತಿರುಗಿದರೆ ಸಾಕು. ಇನ್ನೊಂದು ಒಲೆಯ ಮೇಲೆ ಬರೀ ನೀರು ಕುದಿಯಲಿ. ಎರಡರ ಮೇಲೂ ತಣ್ಣಗಿನ ಸ್ಟೀಲ್ ತಟ್ಟೆ ಹಿಡಿಯಿರಿ. ನೀರಿನ ಮೇಲಿನ ತಟ್ಟೆಯಲ್ಲಿ ಹನಿ ಕೂರುತ್ತದೆ, ಒಣಗಿದರೆ ತಟ್ಟೆ ಮೊದಲಿದ್ದಂತೆಯೇ. ತುಳಸಿಯ ಮೇಲಿನ ತಟ್ಟೆಯಲ್ಲೂ ಮೊದಲು ಸ್ವಲ್ಪ ಪಸೆ ಕಾಣುತ್ತದೆ, ಯಾಕೆಂದರೆ ಒಣ ಎಲೆಯಲ್ಲೂ ನೂರಕ್ಕೆ ಸುಮಾರು ಹತ್ತು ಭಾಗ ನೀರಿರುತ್ತದೆ. ಆ ಪಸೆ ಆರಿದ ಮೇಲೆ ಬೆರಳಾಡಿಸಿ. ತೆಳ್ಳಗೆ ಜಿಡ್ಡು. ನೀರಿಗೆ ಹೋಗುವುದಿಲ್ಲ, ಸೀಗೆಕಾಯಿಯನ್ನೋ ಸಾಬೂನನ್ನೋ ಹಾಕಿ ಉಜ್ಜಬೇಕು. ಯಂತ್ರದೊಳಗೂ ಆಗುವುದು ಇದೇ. ಗಾಂಜಾ ಹೂವಿನ ಮೇಲಿನ ಅಂಟಿನಲ್ಲಿರುವ ಟಿಎಚ್‌ಸಿ, ವಾಸನೆ ಕೊಡುವ ಟರ್ಪೀನ್ ಎಣ್ಣೆಗಳು ಆವಿಯಾಗಿ, ದಾರಿಯಲ್ಲಿ ತಣ್ಣಗಾಗಿ, ಸಣ್ಣ ಹನಿಗಳಾಗಿ ಗಂಟಲಿಗೆ ಇಳಿಯುತ್ತವೆ. ನೀರಿನಲ್ಲಿ ಟಿಎಚ್‌ಸಿ ಕರಗುವುದೇ ಇಲ್ಲ ಅನ್ನಬಹುದು, ಕರಗುವುದು ಎಣ್ಣೆಯಲ್ಲಿ, ಆಲ್ಕೊಹಾಲಿನಲ್ಲಿ. ನಿಮ್ಮ ಮಗನಿಗೆ ಒಂದೇ ಪ್ರಶ್ನೆ ಕೇಳಿ: ಬರೀ ನೀರಾವಿಯಾದರೆ ಬಾಯಿಗಿಡುವ ಕೊಳವೆಯಲ್ಲಿ ಕಂದು ಬಣ್ಣದ ಅಂಟು ಎಲ್ಲಿಂದ ಬಂತಪ್ಪ?

ಇದೇ ನೀರಾವಿಯ ತಮ್ಮನಂಥ ಇನ್ನೊಂದು ಮಾತಿದೆ: ಹೊಗೆಯನ್ನು ನೀರಿನೊಳಗಿಂದ ಹಾಯಿಸಿದರೆ ಶುದ್ಧವಾಗುತ್ತದೆ ಅನ್ನುವುದು. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಗಂಟಲಿಗೆ ಹಿತವಾಗುತ್ತದೆ, ಅದಕ್ಕೇ ಜನ ಇನ್ನೂ ಉದ್ದಕ್ಕೆ ಎಳೆಯುತ್ತಾರೆ. ಕಾರ್ಬನ್ ಮಾನಾಕ್ಸೈಡ್ ನೀರಿಗೆ ಬಗ್ಗುವ ಅನಿಲವಲ್ಲ.

ನೀರಾವಿ ಅನ್ನುವ ಮಾತಿಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ನೀರು ಅಂದುಕೊಂಡವರು ಅಳತೆ ಬಿಡುತ್ತಾರೆ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು, ಅಪರೂಪಕ್ಕೆ ಬಳಸುವ 17 ಜನರಿಗೆ ಒಂದೇ ಪ್ರಮಾಣದ ಟಿಎಚ್‌ಸಿಯನ್ನು ಒಮ್ಮೆ ಹೊಗೆಯಾಗಿ, ಒಮ್ಮೆ ಆವಿಯಾಗಿ ಕೊಟ್ಟು ನೋಡಿದರು. ಆವಿಯಲ್ಲೇ ಅಮಲು ಹೆಚ್ಚು, ತಡವರಿಕೆಯೂ ಹೆಚ್ಚು, 2007ರ ಅಧ್ಯಯನದಲ್ಲಿ ಹೆಚ್ಚುಕಡಿಮೆ ಒಂದೇ ಅನ್ನಿಸಿದ್ದ ರಕ್ತದಲ್ಲಿನ ಮಟ್ಟವೂ ಇಲ್ಲಿ ಹೆಚ್ಚು. ಸುಟ್ಟಾಗ ಬೆಂಕಿಯ ಪಾಲಾಗುತ್ತಿದ್ದ ಅಂಶ ಇಲ್ಲಿ ನೇರ ಒಳಗೆ ಹೋಗುತ್ತದೆ. ಸೇದುತ್ತಿದ್ದಷ್ಟೇ ಸೊಪ್ಪು ತುಂಬುವುದು ತಪ್ಪು, ಬಹಳ ಕಡಿಮೆಯಿಂದ ಶುರುಮಾಡಿ ಹತ್ತು ನಿಮಿಷವಾದರೂ ಕಾಯಬೇಕು. ಅವತ್ತು ಕಾರು ಓಡಿಸಬಾರದು. ಶ್ವಾಸಕೋಶಕ್ಕೆ ಉಳಿದದ್ದು ಮೆದುಳಿಗೆ ಉಳಿತಾಯವಲ್ಲ. ಮನೆತನದಲ್ಲಿ ಮನೋರೋಗ ಇದ್ದವರಿಗೆ, ಗರ್ಭಿಣಿಯರಿಗೆ, ಹದಿಹರೆಯದವರಿಗೆ ಹೊಗೆಯೂ ಬೇಡ, ಆವಿಯೂ ಬೇಡ.

ಯಂತ್ರಕ್ಕೆ ಸಿಕ್ಕಿಸುವ, ಗಾಂಜಾ ಎಣ್ಣೆ ತುಂಬಿದ ಸಣ್ಣ ಕೊಳವೆ, ಅಂದರೆ ಕಾರ್ಟ್ರಿಜ್ ಬೇರೆ, ಒಣ ಸೊಪ್ಪಿನ ಯಂತ್ರ ಬೇರೆ. 2019ರಲ್ಲಿ ಅಮೆರಿಕದಲ್ಲಿ ಸಾವಿರಾರು ಜನ ಇಂಥ ಯಂತ್ರಗಳ ಆವಿ ಎಳೆದು ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದರಲ್ಲ, 2020ರ ಫೆಬ್ರುವರಿ ಹೊತ್ತಿಗೆ 68 ಸಾವು ದಾಖಲಾದವಲ್ಲ, ಅದರಲ್ಲಿ ಮುಖ್ಯವಾಗಿ ಸಿಕ್ಕಿಬಿದ್ದದ್ದು ಟಿಎಚ್‌ಸಿ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಕಳ್ಳಸಂತೆಯ ಕಾರ್ಟ್ರಿಜ್ ಕಡೆಗೆ ಮಗ ತಿರುಗಿಯೂ ನೋಡದಿರಲಿ.

ಯಂತ್ರ ಆರಿಸುವುದರಲ್ಲಿ ಹೆಚ್ಚು ಹೇಳುವುದಿಲ್ಲ. ಎರಡು ಬಗೆ ಇವೆ. ಒಂದರಲ್ಲಿ ಸೊಪ್ಪು ಬಿಸಿ ಗೋಡೆಗೆ ತಾಗಿ ಹುರಿಯುತ್ತದೆ, ಬಾಣಲೆಯ ಹಾಗೆ. ನಡುವೆ ಕಲಕದಿದ್ದರೆ ಅಂಚು ಸೀದು ಮಧ್ಯ ಹಸಿ. ಇನ್ನೊಂದರಲ್ಲಿ ಬಿಸಿಗಾಳಿ ಸೊಪ್ಪಿನ ನಡುವೆ ಹಾಯುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದ ಚೆನ್ನಾಗಿರುತ್ತದೆ, ಬೆಲೆ ಹೆಚ್ಚು. ಯಾವುದಾದರೂ ಇರಲಿ, ಡಿಗ್ರಿ ಅಂಕಿಯಲ್ಲಿ ಕಾಣಬೇಕು, ಅದನ್ನು ನಾವೇ ಏರಿಸಿ ಇಳಿಸುವಂತಿರಬೇಕು. ಆವಿ ಹಾಯುವ ದಾರಿ ಗಾಜು, ಪಿಂಗಾಣಿ ಅಥವಾ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಹೊಸದರಲ್ಲಿ ಖಾಲಿಯಾಗಿ ಕಾಯಿಸಿದಾಗ ಪ್ಲಾಸ್ಟಿಕ್ ವಾಸನೆ ಬಂದು, ಎರಡು ಮೂರು ಸಲವಾದರೂ ಹೋಗದಿದ್ದರೆ ವಾಪಸ್ ಕೊಡಲಿ. ಬ್ಯಾಟರಿ ಬದಲಾಯಿಸಲು ಬರುವಂಥದ್ದಾದರೆ ಯಂತ್ರ ಹೆಚ್ಚು ವರ್ಷ ಬಾಳುತ್ತದೆ.

ಕೊಂಡ ಮೇಲಿನ ಕೆಲಸವೆಲ್ಲ ಆ ಜಿಡ್ಡಿನದೇ. ಪ್ರತಿ ಸಲ ಮುಗಿದ ಮೇಲೆ, ಬಿಸಿ ಸ್ವಲ್ಪ ಇರುವಾಗಲೇ ಸೊಪ್ಪು ಉದುರಿಸಿ ಒಳಗೆ ಬ್ರಷ್ ಆಡಿಸಬೇಕು, ಆರಿದ ಮೇಲೆ ಕಲ್ಲಾಗುತ್ತದೆ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಜರಡಿ ಬಿಲ್ಲೆಯನ್ನೂ ಗಾಜಿನ ಕೊಳವೆಯನ್ನೂ ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಕೂರಿಸಬೇಕು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಬೆಚ್ಚಗಿನ ಸಾಬೂನು ನೀರೇ ಸಾಕು. ಆಲ್ಕೊಹಾಲ್ ಬೆಂಕಿಯ ಪದಾರ್ಥ, ಪಸೆ ಇರುವಾಗ ಯಂತ್ರ ಹಚ್ಚಕೂಡದು. ಎಳೆಯುವುದು ಬಿಗಿಯಾಯಿತು, ರುಚಿ ಸೀದಂತಾಯಿತು ಅಂದರೆ ಯಂತ್ರ ಕೆಟ್ಟಿದೆ ಅಂತ ಅರ್ಥವಲ್ಲ, ಜರಡಿ ಕಟ್ಟಿಕೊಂಡಿದೆ ಅಂತ. ಬೂಷ್ಟು ಹಿಡಿದ ಸೊಪ್ಪನ್ನು ಕಾಯಿಸಿದರೆ ಶುದ್ಧವಾಗುತ್ತದೆ ಅಂದುಕೊಳ್ಳಬಾರದು, ಬಿಸಾಡಬೇಕು. ಹುರಿದು ಕಂದಾದ ಚರಟದಲ್ಲೂ ಅಮಲಿನ ಅಂಶ ಉಳಿದಿರುತ್ತದೆ. ಮೊಮ್ಮಕ್ಕಳಿರುವ ಮನೆಯಲ್ಲಿ ಅದನ್ನು ತೆರೆದ ಡಬ್ಬಿಯಲ್ಲಿ ಇಡಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿ.

ನೀವು ಕೇಳಿಲ್ಲ, ಆದರೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ: ಮಗ ರಜೆಗೆ ಬರುವಾಗ ಆ ಯಂತ್ರವನ್ನೂ ಸೊಪ್ಪನ್ನೂ ಅಲ್ಲೇ ಬಿಟ್ಟು ಬರಲಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ ನಿಜ, ಆದರೆ ದೇಶದ ಗಡಿ ದಾಟಿಸುವುದು ಅಲ್ಲೂ ಅಪರಾಧ. ಇಲ್ಲಿ ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಒಂದು ಕಿಲೋ ಒಳಗಿನ ಗಾಂಜಾ ‘ಸಣ್ಣ ಪ್ರಮಾಣ’ ಅನ್ನಿಸಿಕೊಂಡರೂ ಒಂದು ವರ್ಷದವರೆಗೆ ಕಠಿಣ ಸಜೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಂತ್ರ ಖಾಲಿ ಇದ್ದರೂ ತೊಂದರೆಯೇ. 2019ರ ಇ-ಸಿಗರೇಟ್ ನಿಷೇಧ ಕಾಯ್ದೆ, ನಿಕೋಟಿನ್ ಇರಲಿ ಬಿಡಲಿ, ಪದಾರ್ಥವನ್ನು ಕಾಯಿಸಿ ಉಸಿರಿಗೆ ಕೊಡುವ ವಿದ್ಯುತ್ ಉಪಕರಣಗಳನ್ನು ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ, ಆಮದನ್ನೂ ನಿಷೇಧಿಸಿದೆ. ‘ಕೋಲಾರದಲ್ಲಿ ಎಲ್ಲಿ ಸಿಗುತ್ತೆ ಸರ್’ ಅಂತ ಕೇಳುವವರಿಗೂ ನನ್ನ ಉತ್ತರ ಇದೇ.

ಹಬೆಯ ಮಾತು ಬಂದಾಗಲೆಲ್ಲ ನನಗೆ ನೀಲಗಿರಿ ನೆನಪಾಗುತ್ತದೆ. ಶೀತವಾದಾಗ ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ, ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುತ್ತೇವಲ್ಲ? ಆ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್ ಕುದಿಯುವುದು 176 ಡಿಗ್ರಿಯಲ್ಲಿ. ನೀರು ಕುದಿಯುವುದು 100ರಲ್ಲಿ. ಹಾಗಿದ್ದರೆ ಘಮ ಮೇಲೆ ಬರುವುದು ಹೇಗೆ? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನೀರಿಗೂ ಎಣ್ಣೆಗೂ ಬೆರಕೆಯಿಲ್ಲ, ಹಾಗಾಗಿ ಎರಡೂ ತಮ್ಮ ತಮ್ಮ ಆವಿಯ ಒತ್ತಡವನ್ನು ಬೇರೆ ಬೇರೆಯಾಗಿ ಕೊಡುತ್ತವೆ. ಎರಡು ಒತ್ತಡ ಸೇರಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದ ಕೂಡಲೇ ಕುದಿ ಬರುತ್ತದೆ, ಅದೂ 100ಕ್ಕಿಂತ ಕೆಳಗೇ. ನೀರು ಎಣ್ಣೆಯನ್ನು ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಎಲೆಯಿಂದ ಎಣ್ಣೆ ತೆಗೆಯುವ ಭಟ್ಟಿಯಲ್ಲೂ ನಡೆಯುವುದು ಇದೇ. ಗಾಂಜಾ ಸೊಪ್ಪನ್ನು ಹೀಗೆ ಹಬೆಯಲ್ಲಿಟ್ಟರೆ ವಾಸನೆಯ ಎಣ್ಣೆ ಬರುತ್ತದೆ, ಭಾರವಾದ ಟಿಎಚ್‌ಸಿ ಬಹುಪಾಲು ಅಲ್ಲೇ ಉಳಿಯುತ್ತದೆ. ಅದಕ್ಕೇ ಆ ಯಂತ್ರಕ್ಕೆ ಹಬೆ ಸಾಲದು, 180 ಬೇಕು.

ನೀಲಗಿರಿ ಈ ನಾಡಿಗೆ ಮೊದಲು ಕಾಲಿಟ್ಟದ್ದು ನಮ್ಮ ಪಕ್ಕದ ನಂದಿಬೆಟ್ಟದಲ್ಲಿ, 1790ರ ಸುಮಾರಿಗೆ, ಟಿಪ್ಪುವಿನ ತೋಟಕ್ಕೆ ಅನ್ನುತ್ತಾರೆ. ಆಮೇಲೆ ಕೋಲಾರದ ಹೊಲಗಳನ್ನೇ ತುಂಬಿತು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಲ್ಲಿಸಿತು. ಎಣ್ಣೆಯ ಸೀಸೆ ಮಾತ್ರ ಪ್ರತಿ ಮನೆಯಲ್ಲೂ ಇದೆ. ಅಗಲ ಪಾತ್ರೆಗೆ ಎರಡು ಹನಿ ಸಾಕು. ಕುದಿಯುವ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಬೇಡಿ, ಸೀಸೆಯನ್ನು ಅವರ ಕೈಗೆ ಎಟುಕದ ಕಡೆ ಇಡಿ. ಕುಡಿದರೆ ಅದು ವಿಷ.