ಕರಗುವ ಬಂಡೆಯ ಮೇಲೆ ಜೀವಕೋಶದ ಹೆಜ್ಜೆ

ಚಿತ್ರದುರ್ಗದ ಕೋಟೆಯಲ್ಲಿ ತುಪ್ಪದ ಕೊಳದ ಬತೇರಿಗೆ ಹತ್ತಿದವರು ಅಲ್ಲಿನ ಇಳಿಜಾರು ಬಂಡೆಯನ್ನು ಮರೆಯಲಾರರು. ಬಂಡೆಯಲ್ಲಿ ಕಡಿದ ಸಣ್ಣ ಕಚ್ಚುಗಳೇ ಅಲ್ಲಿ ಮೆಟ್ಟಿಲು. ಚಪ್ಪಲಿ ಕೈಯಲ್ಲಿ ಹಿಡಿದು, ಬೆರಳನ್ನು ಕಚ್ಚಿಗೆ ಊರಿ ಏರಬೇಕು. ದೇಹದೊಳಗೆ ಕರಗುವ ಪಾಲಿಮರ್‌ಗೆ ಜೀವಕೋಶ ಅಂಟುವ ಬಗೆಯನ್ನು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಆ ಕಚ್ಚುಗಳೇ.

ಹೊಸ ಅಂಗಾಂಶ ಬೆಳೆಸಲು ಹಂದರವಾಗಿ ಬಳಸುವ ಪಾಲಿಲ್ಯಾಕ್ಟಿಕ್ ಆಮ್ಲ, ಪಾಲಿಕ್ಯಾಪ್ರೊಲ್ಯಾಕ್ಟೋನ್ ಮೊದಲಾದವು ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿ ಕರಗುವ ಹೊಲಿಗೆ ದಾರದ ಕುಲಕ್ಕೇ ಸೇರಿದವು. ಕೋಶದ ಪೊರೆಯಲ್ಲಿರುವ ಇಂಟೆಗ್ರಿನ್‌ಗೆ, ಅಂದರೆ ಕೋಶದ ಬೆರಳಿಗೆ, ಇವು ಬರೀ ನುಣುಪು ಬಂಡೆ. ಆದರೆ ಹಂದರವನ್ನು ಸೀರಂ (ರಕ್ತದ ತಿಳಿ) ಬೆರೆತ ದ್ರಾವಣದಲ್ಲಿ ಮುಳುಗಿಸಿದ ಕ್ಷಣದಿಂದಲೇ ಅದರ ಮೈಮೇಲೆ ಪ್ರೋಟೀನುಗಳು ಕೂರತೊಡಗುತ್ತವೆ; ಕೋಶ ಬಂದು ತಲುಪುವುದು ಆಮೇಲೆ. ಹೇರಳವಾಗಿರುವ ಆಲ್ಬುಮಿನ್ ಮೊದಲು ಜಾಗ ಹಿಡಿಯುತ್ತದೆ, ಅದರಲ್ಲಿ ಹಿಡಿತವಿಲ್ಲ. ಕೋಶ ಹಿಡಿಯಬಲ್ಲ ಪ್ರೋಟೀನುಗಳಾದ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್‌ಗಳು ಅದನ್ನು ಸರಿಸಿ ಕೂತರೆ ಕಚ್ಚು ಸಿದ್ಧವಾಯಿತು. ಆ ಕಚ್ಚು ಎಷ್ಟು ಚಿಕ್ಕದೆಂಬುದು 1984ರಲ್ಲಿ ವಿಜ್ಞಾನಿಗಳಾದ ಪಿಯರ್ಶ್‌ಬಾಕರ್ ಮತ್ತು ರುವೊಸ್ಲಾಹ್ತಿ ಅವರ ಕೆಲಸದಿಂದ ತಿಳಿಯಿತು: ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ, ಸಾಲಾಗಿ ಮೂರೇ ಅಮೈನೊ ಆಮ್ಲಗಳು. ಕಚ್ಚುಗಳ ನಡುವಿನ ಅಂತರ ಸುಮಾರು 70 ನ್ಯಾನೊಮೀಟರ್ ಮೀರಿದರೆ ಇಂಟೆಗ್ರಿನ್‌ಗಳು ಗುಂಪುಗೂಡಲಾರವು, ಕೋಶ ಕಾಲು ಚಾಚದೆ ಗುಂಡಗೇ ಉಳಿಯುತ್ತದೆ. ಹಿಡಿತ ಸಿಕ್ಕರೆ ಅದೇ ಕೋಶ ತಟ್ಟಿದ ರೊಟ್ಟಿಯಂತೆ ಹರಡಿಕೊಳ್ಳುತ್ತದೆ. ಹರಡದ ಕೋಶ ಸಾಮಾನ್ಯವಾಗಿ ವಿಭಜನೆಗೊಳ್ಳುವುದಿಲ್ಲ, ಎಷ್ಟೋ ಸಲ ಸಾಯುತ್ತದೆ.

ಪಾಲಿಮರ್‌ಗೆ ನೀರು ಒಗ್ಗದಿದ್ದರೆ ಆಲ್ಬುಮಿನ್ ಬಿಗಿಯಾಗಿ ಕಚ್ಚಿಕೊಂಡು ಜಾಗ ಬಿಡುವುದಿಲ್ಲ, ಕೂತ ಫೈಬ್ರೊನೆಕ್ಟಿನ್ ಕೂಡ ಆಕಾರಗೆಡುತ್ತದೆ. ನೀರು ಅತಿಯಾಗಿ ಒಗ್ಗಿದರೆ ಪ್ರೋಟೀನು ನಿಲ್ಲುವುದೇ ಇಲ್ಲ. ಹೀಗಾಗಿ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಅದ್ದಿ ಅಥವಾ ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುದಾವೇಶಗೊಂಡ ಅನಿಲ) ತಾಗಿಸಿ ಮೇಲ್ಮೈಯನ್ನು ನಡುಹದಕ್ಕೆ ತರುತ್ತಾರೆ. ಆ ಮೂರು ಅಮೈನೊ ಆಮ್ಲಗಳನ್ನೇ ನೇರವಾಗಿ ಬೆಸೆಯುವುದು ನನಗೆ ಹೆಚ್ಚು ಅಚ್ಚುಕಟ್ಟಾದ ದಾರಿಯೆನಿಸುತ್ತದೆ, ಅಗ್ಗವಲ್ಲದಿದ್ದರೂ.

ಕೋಟೆಯ ಬಂಡೆಗೂ ಇದಕ್ಕೂ ಹೋಲಿಕೆ ತಪ್ಪುವುದು ಒಂದು ಕಡೆ: ಇಲ್ಲಿ ಬಂಡೆಯೇ ಕರಗುತ್ತದೆ. ನೀರು ಪಾಲಿಮರ್ ಸರಪಳಿಯ ಕೊಂಡಿಗಳಾದ ಎಸ್ಟರ್ ಬಂಧಗಳನ್ನು ಮುರಿದಂತೆ ಕೋಶ ನಿಂತ ನೆಲ ಸವೆಯುತ್ತದೆ, ಲ್ಯಾಕ್ಟಿಕ್ ಆಮ್ಲ ಹೊರಬೀಳುತ್ತದೆ. ದಪ್ಪ ಹಂದರದ ಒಡಲಲ್ಲಿ ಆ ಆಮ್ಲ ಸಿಕ್ಕಿಕೊಂಡರೆ ಸವೆತ ಇನ್ನೂ ಚುರುಕಾಗುತ್ತದೆ. ಅಷ್ಟರೊಳಗೆ ಕೋಶ ತನ್ನದೇ ಕೊಲಾಜನ್, ಫೈಬ್ರೊನೆಕ್ಟಿನ್ ಸ್ರವಿಸಿ ಸುತ್ತಲೂ ಹೊಸ ನೆಲ ಹಾಸಿಕೊಂಡಿರಬೇಕು. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳನ್ನು ಸಮಪಾಲು ಬೆರೆಸಿದ ಪಾಲಿಮರ್ ಕೊಡುವ ಗಡುವು ಒಂದೆರಡು ತಿಂಗಳು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎರಡು ವರ್ಷಕ್ಕೂ ಮಿಕ್ಕಿ ಕಾಯುತ್ತದೆ. ನಿಧಾನವಾಗಿ ಕೂಡುವ ಮೂಳೆಗೆ ಹಂದರ ಕಟ್ಟುವವರು ಎರಡನೆಯದರ ಕಡೆಗೆ ವಾಲುವುದು ಅದಕ್ಕೇ.